ಹಾಗೇ ಇಡಿ

ನಮ್ಮತ್ತೆ ತುಂಗಮ್ಮ ಮದ್ರಾಸಿಗೆ ಸೊಸೆಯಾಗಿ ಬಂದು ನಲವತ್ತು ವರ್ಷ ಕಳೆದರೂ ಒಂದೇ ಒಂದು ತಮಿಳು ಮಾತು ಆಡಿದವರಲ್ಲ. ಬರುವುದಿಲ್ಲ ಎಂದಲ್ಲ, ಆಡುವುದಿಲ್ಲ. ಎದುರಿನವರು ತಮಿಳಿನಲ್ಲಿ ಏನು ಹೇಳಿದರೂ ಅವರಿಗೆ ಗೊತ್ತಾಗುತ್ತದೆ. ಪಿಸುಗುಟ್ಟಿದರಂತೂ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಉತ್ತರ ಮಾತ್ರ ಕನ್ನಡದಲ್ಲೇ. ಮೈಲಾಪೂರಿನ ಮಾಡ ಬೀದಿಯ ತರಕಾರಿಯವಳು ಇವರ ಜೊತೆ ಹೆಣಗಿ ಹೆಣಗಿ ಸೋತು, ಕೊನೆಗೆ ತಾನೇ ವ್ಯಾಪಾರಕ್ಕೆ ಬೇಕಾದಷ್ಟು ಕನ್ನಡ ಕಲಿತಳು. ತೊಂಬತ್ತಾರರಲ್ಲಿ ಮದ್ರಾಸು ಚೆನ್ನೈ ಆಗಿ ಊರಿಗೆ ಊರೇ ಬೋರ್ಡು ಬದಲಿಸುತ್ತಿದ್ದಾಗ ಇವರು ಗೆದ್ದವರ ಹಾಗೆ ಕಾಲು ಚಾಚಿ ಕೂತಿದ್ದರು. “ನಾನು ಚನ್ನಪಟ್ಟಣದೋಳು. ಕಡೆಗೂ ನಮ್ಮೂರ ಹೆಸರನ್ನೇ ಇಟ್ರು ನೋಡು,” ಎಂದರು.

ಈ ಹಠದ ಹಿಂದೆ ಒಂದು ಅಕ್ಕಿಮೂಟೆ ಇದೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ದೇವಸ್ಥಾನದ ಕೊಳದ ಹತ್ತಿರದ ಅಂಗಡಿಗೆ ಅಕ್ಕಿ ತರಲು ಹೋಗಿದ್ದರಂತೆ. ಅಂಗಡಿಯವನು ಅಳೆದು ಅಳೆದು ಸುರಿಯುತ್ತಿದ್ದ. ಇವರು “ಸಾಕು, ಸಾಕು” ಎಂದರು. ತಮಿಳಿನಲ್ಲಿ ಸಾಕ್ಕು ಎಂದರೆ ಗೋಣಿಚೀಲ. ಹೊಸ ಮದುಮಗಳಿಗೆ ಇಡೀ ಮೂಟೆಯೇ ಬೇಕಂತೆ ಎಂದುಕೊಂಡು ಅವನು ಸಂಭ್ರಮದಿಂದ ಕೈಗಾಡಿಯಲ್ಲಿ ಮನೆಗೆ ಕಳಿಸಿಬಿಟ್ಟ. ನಮ್ಮ ಮಾವ ಈ ಕಥೆಯನ್ನು ತಾವು ತೀರಿಕೊಳ್ಳುವವರೆಗೂ ಮದುವೆ, ಮುಂಜಿ, ಸಮಾರಾಧನೆ ಒಂದನ್ನೂ ಬಿಡದೆ ಹೇಳಿ ನಗಿಸಿದರು. ಅತ್ತೆ ಮಾತ್ರ ಒಂದು ದಿನವೂ ನಗಲಿಲ್ಲ. “ನಾನು ಹೇಳಿದ್ದು ಸರಿಯಾಗೇ ಇತ್ತು. ಅವನು ಕೇಳಿಸ್ಕೊಂಡಿದ್ದು ತಪ್ಪು. ನಾನ್ಯಾಕೆ ಬದಲಾಗ್ಲಿ?” ಎಂದು ಅಂದೇ ತೀರ್ಮಾನ ಮಾಡಿದವರು.

ಇಂಥವರ ಮನೆಯಲ್ಲಿ ಎರಡು ಸಾವಿರದ ಆರನೇ ಇಸವಿಯಲ್ಲಿ ರಿಪೇರಿ ಶುರುವಾಯಿತು. ನಮ್ಮ ಬಚ್ಚಲಿನ ನೀರು ಕೆಳಗಿನ ಮನೆಯವರ ಛಾವಣಿಯಲ್ಲಿ ಇಳಿದು, ಅವರು ಬಂದು ಜಗಳವಾಡಿ ಹೋದ ಮೇಲೆ ನನ್ನ ಗಂಡ ಕಿಟ್ಟು ಕಂಟ್ರಾಕ್ಟರನ್ನು ಕರೆಸಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಪುಣ್ಯವಂತರು. ಕಟ್ಟಿದ ಮನೆಯನ್ನು ರಿಪೇರಿ ಮಾಡಿಸಿ ನೋಡುವ ಭಾಗ್ಯ ಅವರಿಗೆ ಬಂದಿರಲಿಲ್ಲ.

ಕಂಟ್ರಾಕ್ಟರ್ ಹೆಸರು ರಮೇಶ್. ಒಬ್ಬ ಮನುಷ್ಯ, ಎರಡು ಸೆಲ್‌ಫೋನ್. ಯಾವಾಗ ಕೇಳಿದರೂ “ಆನ್ ದಿ ವೇ ಮೇಡಂ” ಎನ್ನುತ್ತಿದ್ದ. ಆ ದಾರಿ ಯಾವುದೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವನ ಎಸ್ಟಿಮೇಟು ಪ್ರತಿ ಸಲ ಬಂದಾಗಲೂ ಉಬ್ಬಿಕೊಂಡೇ ಬರುತ್ತಿತ್ತು. ಮರಳು ಸಿಗುತ್ತಿಲ್ಲ, ಸಿಮೆಂಟು ಏರಿದೆ, ಒಳ್ಳೆಯ ಮೇಸ್ತ್ರಿಗಳೆಲ್ಲ ಹಳೇ ಮಹಾಬಲಿಪುರಂ ರಸ್ತೆಯ ಗಾಜಿನ ಕಟ್ಟಡಗಳಿಗೆ ಹೋಗಿಬಿಟ್ಟಿದ್ದಾರೆ ಎಂದು ನಮ್ಮ ಬಚ್ಚಲಿನಲ್ಲಿ ನಿಂತು ಲೋಕದ ಆರ್ಥಿಕ ಸ್ಥಿತಿಯನ್ನು ವಿವರಿಸುತ್ತಿದ್ದ. ಕಿಟ್ಟು ತಲೆಯಾಡಿಸುತ್ತಿದ್ದರು. ನಾನು ಹಲ್ಲು ಕಡಿಯುತ್ತಿದ್ದೆ.

ನನಗೆ ಬೇಕಾಗಿದ್ದದ್ದು ಒಂದೇ. ನಮ್ಮ ಅಡುಗೆಮನೆಗೆ ಕಿಟಕಿಯುಂಟು, ಬೆಳಕಿಲ್ಲ. ಅತ್ತೆ ಬಂದ ಮರುವರ್ಷವೇ ಪಕ್ಕದವರು ಕಟ್ಟಡ ಎಬ್ಬಿಸಿದ್ದರಿಂದ, ಕಿಟಕಿ ತೆರೆದು ಕೈ ಚಾಚಿದರೆ ಅವರ ಗೋಡೆ ಸಿಗುತ್ತದೆ. ಹಗಲಲ್ಲೂ ಬಲ್ಬು ಉರಿಯಬೇಕು. ಕರೆಂಟು ಹೋದರೆ ಹುಳಿಗೆ ಉಪ್ಪು ಬಿತ್ತೋ ಸಕ್ಕರೆ ಬಿತ್ತೋ ದೇವರಿಗೇ ಗೊತ್ತು. ಆಚೆ ಹಾಲ್‌ನಲ್ಲಿ ಮಾತ್ರ ಬಾಲ್ಕನಿಯಿಂದ ಬೇಕಾದಷ್ಟು ಬಿಸಿಲು. ನಡುವೆ ಒಂದು ಅಡ್ಡಗೋಡೆ. ಹೇಗೂ ಮೇಸ್ತ್ರಿ ಬರುತ್ತಾನಲ್ಲ, ಅದನ್ನು ತೆಗೆಸೋಣ ಎಂದೆ. ರಮೇಶ್ ಗೋಡೆಯನ್ನು ಬಡಿದು ನೋಡಿ, ಇದು ಭಾರ ಹೊತ್ತ ಗೋಡೆಯಲ್ಲ, ಧಾರಾಳವಾಗಿ ತೆಗೆಯಬಹುದು ಎಂದು ಹೇಳಿ ಅದಕ್ಕೊಂದು ಬೆಲೆಯನ್ನೂ ಹೇಳಿದ.

ಕಿಟ್ಟು ಬೆಲೆ ಕೇಳಿ ಫ್ಯಾನಿನ ಕಡೆ ನೋಡಿದರು. “ಅಮ್ಮ ಒಪ್ಪಲ್ಲ ಕಣೇ. ಮಡಿ ಅಡುಗೆ ಮಾಡೋ ಜಾಗ. ಬಂದೋರೆಲ್ಲ ನೋಡೋ ಹಾಗೆ ಬಯಲು ಮಾಡಕ್ಕಾಗತ್ತಾ? ಬಿಡು.”

ಅತ್ತೆ ಬಾಲ್ಕನಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಕೇಳಿಸಲಿಲ್ಲ ಎನ್ನುವ ಹಾಗಿಲ್ಲ. ಆದರೂ ತಲೆ ಎತ್ತದೆ ಇನ್ನೊಂದು ಬತ್ತಿಗೆ ಹತ್ತಿ ಹಿಂಜಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಈ ಮುದುಕಿಯ ಮಡಿಗೆ ನನ್ನ ಕಣ್ಣು ಬಲಿ ಎಂದುಕೊಂಡು ಆ ವಾರವೆಲ್ಲ ಪಾತ್ರೆಗಳನ್ನು ಸದ್ದು ಮಾಡಿಯೇ ತೊಳೆದೆ.

ಆಮೇಲೆ ಮೇಸ್ತ್ರಿಗಾಗಿ ಕಾಯುವ ವ್ರತ. ನಾನು ರಜ ಹಾಕಿದ ದಿನ ಅವನು ಬರುತ್ತಿರಲಿಲ್ಲ, ಆಫೀಸಿಗೆ ಹೋದ ದಿನ ತಪ್ಪದೆ ಬರುತ್ತಿದ್ದ. ನಾನಿದ್ದದ್ದು ಮದ್ರಾಸು ಬಂದರಿನ ಎದುರಿನ ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಹಡಗು ಕಂಪನಿಯ ಲೆಕ್ಕದ ವಿಭಾಗದಲ್ಲಿ. ಅಲ್ಲಿ ಭೋಜರಾಜ ಎಂಬ ಮ್ಯಾನೇಜರ್, ಅವರ ತಲೆಯ ಮೇಲೆ ಹೊಸದಾಗಿ ಬಂದ ಹಾಜರಿ ಯಂತ್ರ. ಕಾರ್ಡು ಉಜ್ಜುವುದು ಸ್ವಲ್ಪ ತಡವಾದರೂ ಅರ್ಧ ದಿನದ ರಜ ಮಾಯ. ಇನ್ನೊಂದು ರಜ ಕೇಳಿದಾಗ ಭೋಜರಾಜರು ಇಡೀ ವಿಭಾಗಕ್ಕೆ ಕೇಳುವ ಹಾಗೆ, ನಿಮ್ಮ ಮೇಸ್ತ್ರಿ ಏನು ಮಂತ್ರಿಯೇ, ಅವನ ದರ್ಶನಕ್ಕೆ ನೀವು ಇಷ್ಟು ಸಲ ರಜ ಹಾಕುವುದಕ್ಕೆ ಎಂದರು. ಎಲ್ಲರೂ ನಕ್ಕರು. “ಮಂತ್ರಿಯಾದ್ರೆ ಹೇಳಿದ ದಿನ ಬರ್ತಿದ್ರು ಸಾರ್,” ಎಂದೆ. ರಜ ಸಿಗಲಿಲ್ಲ.

ಅದಕ್ಕೇ ಆ ದಿನ ಮನೆಯಲ್ಲಿ ಇದ್ದದ್ದು ಅತ್ತೆ ಒಬ್ಬರೇ. ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿದೆ.

“ಇವತ್ತು ಹೊಸ ಮೇಸ್ತ್ರಿ ಬಂದಿದಾನೆ ಕಣೇ. ಏಳುಮಲೈ ಅಂತ ಹೆಸರು. ಬಚ್ಚಲಿನ ಕೆಲಸ ಮುಗೀತು. ಈ ಅಡ್ಡಗೋಡೆ ಏನು ಮಾಡೋದು ಅಂತ ಕೇಳ್ತಿದಾನೆ,” ಎಂದರು ಅತ್ತೆ.

ಸಿಟ್ಟಿನ್ನೂ ಹಾಗೇ ಇತ್ತು. “ನಿಮ್ಮ ಮಗ ಹೇಳಿದಾರಲ್ಲ, ಮುಟ್ಟೋದು ಬೇಡ ಅಂತ ಹೇಳಿ,” ಎಂದೆ.

“ಹೇಳ್ತೀನಿ.” ರಿಸೀವರ್ ಕೈಯಲ್ಲಿ ಹಿಡಿದುಕೊಂಡೇ ಅವರು ಆಚೆ ತಿರುಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಹಾಗೇ ಇಡಿ ಮೇಸ್ತ್ರಿ. ಇಡಿ.”

ಅವನು ಸಂಶಯದಿಂದ, “ಇಡಿಕ್ಕವಾ ಅಮ್ಮಾ?” ಎಂದ.

“ಹೂಂ. ಇಡಿ.”

ಅಷ್ಟರಲ್ಲಿ ಭೋಜರಾಜರು ಬಂದು ಎದುರು ನಿಂತರು. ಫೋನ್ ಇಟ್ಟೆ.

ಸಂಜೆ ಮನೆಗೆ ಹೊರಟೆ. ಇಲ್ಲಿ ಎಲ್ಲರೂ ಪರಕ್ಕುಂ ರೈಲು, ಅಂದರೆ ಹಾರುವ ರೈಲು ಎನ್ನುವ ಆ ಮೇಲುಸೇತುವೆಯ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹಾರುವುದೇನೂ ಇಲ್ಲ, ತೆವಳುತ್ತದೆ. ಚೆಪಾಕ್ ನಿಲ್ದಾಣ ದಾಟುತ್ತಿದ್ದ ಹಾಗೆ ಏಳುಮಲೈಯ ‘ಇಡಿಕ್ಕವಾ’ ತಲೆಯಲ್ಲಿ ಮತ್ತೆ ಕೇಳಿಸಿ ನಾನು ಎದ್ದೇ ನಿಂತುಬಿಟ್ಟೆ. ಕನ್ನಡದಲ್ಲಿ ಹಾಗೇ ಇಡಿ ಎಂದರೆ ಇದ್ದ ಹಾಗೆ ಬಿಡಿ ಎಂದು. ತಮಿಳಿನಲ್ಲಿ ಇಡಿ ಎಂದರೆ ಕೆಡವು ಎಂದು!

ಮನೆಗೆ ಬಂದರೆ ಗೋಡೆ ಇರಲಿಲ್ಲ. ನೆಲದ ತುಂಬ ಇಟ್ಟಿಗೆ ಚೂರು, ಡಬ್ಬಿಗಳ ಮೇಲೆಲ್ಲ ಕೆಂಪು ಧೂಳು. ಆ ಧೂಳಿನ ನಡುವೆ ಬಾಲ್ಕನಿಯಿಂದ ನೇರವಾಗಿ ಒಲೆಯ ತನಕ ಬಂದು ಬಿದ್ದ ಸಂಜೆಬಿಸಿಲು. ಅತ್ತೆ ಆ ಬಿಸಿಲಿನಲ್ಲೇ ಮಣೆ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು.

ನನ್ನ ಮಗಳು ತೃಪ್ತಿ ಸ್ಕೂಲಿನಿಂದ ಬಂದವಳೇ ಅಪ್ಪನಿಗೆ ಫೋನ್ ಮಾಡಿ ಎರಡು ‘ಇಡಿ’ಗಳ ಸಂಗತಿಯನ್ನು ಬಿಡಿಸಿ ಹೇಳಿದ್ದಳು. ಕಿಟ್ಟು ಬ್ಯಾಂಕಿನಿಂದ ಓಡಿ ಬಂದಿದ್ದರು. ಆಶ್ಚರ್ಯವೆಂದರೆ ರಮೇಶ್ ಕೂಡ ಯಾವ ದಾರಿಯಲ್ಲೂ ಇರದೆ ನಮ್ಮ ಹಾಲ್‌ನಲ್ಲೇ ಇದ್ದ. ಏಳುಮಲೈ ತಲೆಯ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ಮೂಲೆಯಲ್ಲಿ ನಿಂತಿದ್ದ.

“ಪೆರಿಯಮ್ಮಾ ದಾನ್ ಸೊನ್ನಾಂಗ ಸಾರ್,” ಎನ್ನುತ್ತಿದ್ದ ಅವನು. ದೊಡ್ಡಮ್ಮನೇ ಹೇಳಿದರು, ನಾನು ಮತ್ತೊಮ್ಮೆ ಕೇಳಿಕೊಂಡೇ ಕೆಡವಿದೆ ಎಂದು.

ರಮೇಶ್ ಗದರಿದ. “ಅವಂಗಳುಕ್ಕು ತಮಿಳೇ ವರಾದು. ಅವಂಗ ಎಪ್ಪಡಿಡಾ ಸೊಲ್ಲುವಾಂಗ?” ತಮಿಳೇ ಬಾರದವರು ಹೇಗೆ ಹೇಳುತ್ತಾರೆ ಎಂದು ಕೇಳಿ, ತೀರ್ಪನ್ನೂ ತಾನೇ ಕೊಟ್ಟ. ನಾಳೆಯಿಂದ ಈ ಏಳುಮಲೈ ಕೆಲಸಕ್ಕೆ ಬೇಡ. ಬೇರೆಯವನು ಬಂದು ಗೋಡೆಯನ್ನು ಮತ್ತೆ ಕಟ್ಟುತ್ತಾನೆ. ಅದರ ಖರ್ಚು ಇವನ ಕೂಲಿಯಲ್ಲಿ ಮುರಿದುಕೊಳ್ಳುವುದು.

ಕಿಟ್ಟುಗೆ ಸಮಾಧಾನವಾಯಿತು. ಗೋಡೆಯೂ ಬರುತ್ತದೆ, ಖರ್ಚೂ ಇಲ್ಲ. ನಗು ಕೂಡ ಬಂತು. “ಅಪ್ಪ ಇರಬೇಕಿತ್ತು. ಅಕ್ಕಿಮೂಟೆ ಕಥೆಗೆ ಎರಡನೇ ಭಾಗ ಸಿಕ್ತು! ಅಮ್ಮಾ, ಇನ್ಮೇಲೆ ಕೆಲಸದೋರ ಹತ್ರ ನೀನು ಒಂದು ಮಾತೂ ಆಡ್ಬೇಡಮ್ಮ. ಸುಮ್ನೆ ಒಳಗಿದ್ದುಬಿಡು.”

ತೃಪ್ತಿಯೂ ಕಿಸಕ್ಕೆಂದಳು. ಅತ್ತೆ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟರು. ಮಂಡಿ ಹಿಡಿದುಕೊಂಡು ಎದ್ದು, ಸೆರಗು ಸರಿಮಾಡಿಕೊಂಡು, ಗೋಡೆ ಇದ್ದ ಜಾಗದಲ್ಲಿ ಬಂದು ನಿಂತರು. ರಮೇಶನ ಮುಖ ನೋಡಿ ಹೇಳಿದರು.

“ನಾನ್ ದಾನ್ ಇಡಿಕ್ಕ ಸೊನ್ನೇನ್. ಅವರ್ ಮೇಲೆ ತಪ್ಪಿಲ್ಲೆ. ತಿರುಂಬಿ ಕಟ್ಟ ವೇಂಡಾಂ.”

ಕೆಡವಲು ಹೇಳಿದವಳು ನಾನೇ. ಅವನದೇನೂ ತಪ್ಪಿಲ್ಲ. ಮತ್ತೆ ಕಟ್ಟುವುದು ಬೇಡ. ಅಚ್ಚ ಮೈಲಾಪೂರಿನ ತಮಿಳು, ಒಂದಕ್ಷರ ಅತ್ತಿತ್ತ ಇಲ್ಲ. ತೃಪ್ತಿಯ ನಗು ಬಾಯಲ್ಲೇ ನಿಂತಿತು. ಕಿಟ್ಟು ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ ಕೇಳದ ಭಾಷೆಯನ್ನು ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟರು. ನನಗಂತೂ ಕಣ್ಣಲ್ಲಿ ನೀರು ಬಂತು. ನಲವತ್ತು ವರ್ಷ ಕಾಪಾಡಿಕೊಂಡು ಬಂದ ಹಠವನ್ನು ಆಕೆ ಗುರುತಿಲ್ಲದ ಒಬ್ಬ ಮೇಸ್ತ್ರಿಯ ಕೂಲಿಗಾಗಿ ಅಲ್ಲಿ ಇಟ್ಟಿಗೆ ಚೂರಿನ ಮೇಲೆ ಎಸೆದುಬಿಟ್ಟಿದ್ದರು.

“ಸೆರಿ ಮಾಮಿ,” ಎಂದ ರಮೇಶ್.

“ಇವರ ಕೂಲಿ ಇವತ್ತೇ ಕೊಡ್ಬೇಕು, ನನ್ನ ಎದುರಿಗೇ,” ಎಂದರು ಅತ್ತೆ. ಅದು ಮತ್ತೆ ಕನ್ನಡದಲ್ಲಿ. ರಮೇಶನಿಗೆ ಪೂರ್ತಿ ಅರ್ಥವಾಯಿತು.

ಆಮೇಲೆ ಮಗನ ಕಡೆ ತಿರುಗಿದರು. “ಇದು ಮೂಟೆ ಕಥೆಯಲ್ಲ ಕಿಟ್ಟು. ಗೋಡೆ ಬೇಕು ಅಂತ ನಾನು ಯಾವತ್ತು ಹೇಳಿದ್ದೆ? ಯಾರು ಬಂದು ನನ್ನ ಕೇಳಿದ್ರಿ? ನಿನ್ನ ಕೈ ಬಿಗಿ ಇದ್ರೆ ಬಿಗಿ ಅಂತ ನಿನ್ನ ಹೆಂಡ್ತಿಗೆ ಹೇಳು. ನನ್ನ ಮಡಿ ಹಿಂದೆ ಬಚ್ಚಿಟ್ಕೋಬೇಡ.”

“ಹಾಗಲ್ಲಮ್ಮಾ, ಬಂದೋರೆಲ್ಲ ಒಳಗೆ ನೋಡ್ತಾರೆ ಅಂತ…”

“ನೋಡ್ಲಿ. ನಿಮ್ಮಪ್ಪನ ಕಾಲದಿಂದ ಈ ಮನೇಲಿ ಉಂಡು ಹೋದೋರು, ಅದು ಎಲ್ಲಿಂದ ಬಂತು ಅಂತ ಒಬ್ರೂ ನೋಡ್ಲಿಲ್ಲ. ಈಗ ನೋಡ್ಲಿ.”

ಗೋಡೆ ಮತ್ತೆ ಏಳಲಿಲ್ಲ. ರಮೇಶ್ ಅಂಚಿಗೆ ಗಾರೆ, ನೆಲಕ್ಕೆ ಕಲ್ಲುಪಟ್ಟಿ ಎಂದು ಇನ್ನೊಂದಿಷ್ಟು ಸುಲಿದ. ಕಿಟ್ಟು ಗೊಣಗುತ್ತಲೇ ಕೊಟ್ಟರು. ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂರುವ ಅವರ ಸುಖವೂ ಅಂದಿಗೇ ಮುಗಿಯಿತು. ಒಲೆಯ ಮುಂದಿನಿಂದ ಎಲ್ಲವೂ ಕಾಣುತ್ತಿತ್ತಲ್ಲ, ಅತ್ತೆ ಕೂತವರ ಮಡಿಲಿಗೇ ಬೀನ್ಸು, ಚಾಕು ತಂದಿಡುತ್ತಿದ್ದರು. ಹಬ್ಬದ ದಿನ ಮಡಿಯುಟ್ಟು ಅಡುಗೆ ಮಾಡುವಾಗ ಯಾರಾದರೂ ಬಂದರೆ, “ಅಲ್ಲೇ ನಿಂತ್ಕೊಂಡು ನೋಡಿ, ಬೆಳಕಿದೆ,” ಎಂದು ಕೂಗಿ ಹೇಳುತ್ತಿದ್ದರು. ತಮಿಳು ಮಾತ್ರ ಮತ್ತೆ ಅವರ ಬಾಯಿಂದ ಬರಲಿಲ್ಲ. ತರಕಾರಿಯವಳು ಎಷ್ಟು ಕೆಣಕಿದರೂ ಬರಲಿಲ್ಲ.

ಇಷ್ಟೆಲ್ಲ ಯಾವ ಬಚ್ಚಲಿಗಾಗಿ ಶುರುವಾಯಿತೋ ಅದು ಮುಂದಿನ ಮಳೆಗಾಲಕ್ಕೇ ಮತ್ತೆ ಸೋರಿತು. ಈ ಸಲ ರಮೇಶನನ್ನು ಬಿಟ್ಟು ಏಳುಮಲೈಯನ್ನೇ ಕರೆಸಿದೆವು. ಅವನು ಬಚ್ಚಲಿನ ಹಳೆಯ ತೊಟ್ಟಿಯ ಮೇಲೆ ಉಳಿ ಇಟ್ಟು, ಸುತ್ತಿಗೆ ಎತ್ತಿದವನು ಹಾಗೇ ತಡೆದು, ಒಲೆಯ ಮುಂದಿದ್ದ ಅತ್ತೆಯ ಕಡೆ ತಿರುಗಿ ಕೇಳಿದ. “ಅಮ್ಮಾ, ಇದು ಕನ್ನಡ ಇಡಿಯಾ, ತಮಿಳ್ ಇಡಿಯಾ?”

ಅತ್ತೆ ನಕ್ಕುಬಿಟ್ಟರು. ಮೂಟೆ ಕಥೆಗೆ ಒಮ್ಮೆಯೂ ನಗದವರು ಇದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇದೇ ಸಮಯವೆಂದು ನಾನೂ ಕೇಳಿದೆ. “ನಿಜ ಹೇಳಿ ಅತ್ತೆ. ಅವತ್ತು ಫೋನ್ ಹಿಡ್ಕೊಂಡು ನೀವು ಹೇಳಿದ್ದು ಯಾವ ಇಡಿ?”

ಅವರು ಒಲೆಯ ಮೇಲಿನ ಸಾರಿಗೆ ಒಗ್ಗರಣೆ ಹಾಕಿ, ಸೌಟು ಕೆಳಗಿಟ್ಟರು.

“ಕಿಟಕಿ ಮುಚ್ಚಿಹೋದಾಗ ಗೋಡೆ ತೆಗೆಸಿ ಅಂದೆ. ನಿಮ್ಮಾವ ನೋಡೋಣ ಅಂದ್ರು. ನೀನು ಕೇಳಿದಾಗ ಇವನು ಬಿಡು ಅಂದ. ನಲವತ್ತು ವರ್ಷ ಕತ್ತಲೇಲಿ ಬೇಯಿಸಿ ಹಾಕಿದೀನಿ ಕಣೇ. ಸಾಕು ಅಂದೆ, ಅಷ್ಟೆ. ಈ ಸಲ ಮೂಟೆ ಬರಲಿಲ್ಲ.”