ಹನ್ನೆರಡನೆಯ ಹೆಸರು

ಝೇಲಂ ನದಿಯ ದಂಡೆಯ ಕೋಟ್ ಮೆಹ್ರಾಬಿನಲ್ಲಿ ಊರ ಜಮೀನ್ದಾರರಾದ ಮಲಿಕರ ಮನೆತನವನ್ನು ಹಾಡುವ ಹಕ್ಕು ಖೈರ್ ದೀನನೊಬ್ಬನದು. ಅವನು ಮಿರಾಸಿ. ಅವನ ಅಪ್ಪ, ಅಜ್ಜ ಎಲ್ಲರೂ ಮಲಿಕರ ವಂಶಾವಳಿ ಹಾಡಿಯೇ ಹೊಟ್ಟೆ ಹೊರೆದವರು. ಹನ್ನೊಂದು ತಲೆಮಾರು ಅವನ ನಾಲಗೆಯ ತುದಿಯಲ್ಲಿತ್ತು: ಸಿಖ್ ಮಹಾರಾಜರಿಗೆ ಕುದುರೆ ಒಪ್ಪಿಸಿದವನು, ಬ್ರಿಟಿಷರಿಂದ ಜಮೀನು ಪಡೆದವನು, ಲಾಹೋರಿನಲ್ಲಿ ಮಂತ್ರಿಯಾದವನು. ಯಾವ ಸರ್ಕಾರ ಬಂದರೂ ಮಲಿಕರಿಗೆ ಅದರ ಪಂಕ್ತಿಯಲ್ಲಿ ಎಲೆ ಹಾಕಿರುತ್ತಿತ್ತು. ಅದನ್ನೂ ಅವರ ಮುಖಕ್ಕೇ ಹಾಡಿ ನಗಿಸುವ ಸಲಿಗೆ ಮಿರಾಸಿಗಿತ್ತು.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಪಾಕಿಸ್ತಾನದಲ್ಲಿ, ಬಿ.ಎ. ಆಗದವರು ಚುನಾವಣೆಗೆ ನಿಲ್ಲುವಂತಿಲ್ಲ ಎಂದು ಕಾನೂನು ಬಂತು. ಹನ್ನೊಂದನೆಯವರಾದ ಈಗಿನ ಮಲಿಕ್ ಸರ್ಬುಲಂದ್ ಖಾನರಿಗೆ ಬೇಟೆನಾಯಿಗಳ ಬಗ್ಗೆ ಗೊತ್ತಿದ್ದಷ್ಟು ಪುಸ್ತಕಗಳ ಬಗ್ಗೆ ಗೊತ್ತಿರಲಿಲ್ಲ. ಗಂಡುಮಕ್ಕಳೂ ಅಪ್ಪನಿಗೆ ತಕ್ಕವರೇ. ಓದಿದ್ದವಳು ಮಗಳು ಸಬೀಹಾ ಒಬ್ಬಳೇ. ನಾಮಪತ್ರ ಅವಳದು, ಗೋಡೆಗೋಡೆಯ ಮೇಲೂ ಫೋಟೊ ಮಾತ್ರ ಅಪ್ಪನದು. ಕೆಳಗೆ ‘ಮಲಿಕರ ಮಗಳಿಗೆ ಮತ ಕೊಡಿ’ ಎಂದಿತ್ತು, ಹೆಸರೇ ಇರಲಿಲ್ಲ.

ಖೈರ್ ದೀನನ ಹೆಂಡತಿ ನೂರಾಂ ರೊಟ್ಟಿ ತಟ್ಟುತ್ತಲೇ ಕುಟುಕಿದಳು. "ಅಲ್ಲಾ ರೀ, ಮಲಿಕರ ಮನೇಲಿ ಹನ್ನೊಂದು ತಲೆಮಾರೂ ಗಂಡಸ್ರೇ ಹೆತ್ರಾ? ಒಂದು ಹೆಣ್ಣಿನ ಹೆಸ್ರೂ ನಿಮ್ಮ ಬಾಯಲ್ಲಿ ಬರಲ್ವಲ್ಲ!"

"ಗದ್ದುಗೇಲಿ ಕೂತವರನ್ನ ಹಾಡ್ತೀವಿ ಕಣೇ."

"ಈಗ ಕೂರೋಳು ಯಾರು ಮತ್ತೆ?"

ಮಾತು ಎದೆಗೆ ನಾಟಿತು. ಕುಡುಕ ಮಲಿಕನನ್ನೂ ಕೊಲೆಗಾರ ಮಲಿಕನನ್ನೂ ಬಿಡದೆ ಹಾಡಿದ ಅಪ್ಪನ ಮಗ ಅವನು. ಓದಿದ ಹುಡುಗಿಯನ್ನು ಬಿಡುವುದು ಯಾವ ಸೀಮೆಯ ನ್ಯಾಯ ಎಂದು ಅವನಿಗೆ ಸಿಟ್ಟೇ ಬಂತು.

ಚುನಾವಣಾ ಸಭೆಯ ದಿನ ಬೆಳಿಗ್ಗೆ ಮಲಿಕರು ಕರೆಸಿ ಎಚ್ಚರಿಸಿದರು. "ಖೈರು, ಹಾಡು ನನ್ನ ಹೆಸರಿಗೆ ನಿಲ್ಸು. ಸಾವಿರ ಗಂಡಸರ ಮುಂದೆ ನನ್ನ ಮಗಳ ಹೆಸರು ನಿನ್ನ ಬಾಯಿಂದ ಬಂತೋ, ನೀನಿರೋ ಮನೆ ನಂದು, ನೆನಪಿರ್ಲಿ."

"ಮತ ಚೀಟೀಲಿ ಸಾವಿರ ಗಂಡಸರೂ ಆ ಹೆಸರೇ ನೋಡ್ಬೇಕಲ್ಲಾ ಸರ್ಕಾರ್" ಎಂದ ಖೈರ್ ದೀನ್. ಮಲಿಕರು ನಗಲಿಲ್ಲ.

ಸಭೆಯಲ್ಲಿ ಹೆಂಗಸರೆಲ್ಲ ಪರದೆಯ ಹಿಂದೆ, ಸಬೀಹಾಳೂ ಅಲ್ಲೇ. ಖೈರ್ ದೀನ್ ಹನ್ನೊಂದು ಹೆಸರೂ ಹಾಡಿದ. ಕಡೆಯ ಹೆಸರಿನವರು ‘ಬಾಳು’ ಎಂದು ಹರಸಿದರೇ ಹಾಡು ಮುಗಿದಂತೆ. ಮಲಿಕರು ಕೈಯೆತ್ತಿ ಬಾಯಿ ತೆರೆಯುವಷ್ಟರಲ್ಲಿ ಅವನು ಉಸಿರೆಳೆದು ಕೂಗಿದ: "ಸರ್ಬುಲಂದ್ ಖಾನರ ಮಗಳು, ಮಲಿಕ್ ಸಬೀಹಾ!"

ಮಲಿಕರ ಮುಖ ಕೆಂಪೇರಿತು. ಆದರೂ ಖೈರ್ ದೀನ್ ಅದೇ ಹೆಸರನ್ನು ಇನ್ನೂ ಗಟ್ಟಿಯಾಗಿ ಮತ್ತೊಮ್ಮೆ ಹಾಡಿದ.

ಪರದೆಯ ಹಿಂದಿನಿಂದ ದನಿ ಬಂತು. "ಬಾಳು, ಖೈರ್ ಚಾಚಾ."

ತಾನು ಮತ ಹಾಕಬೇಕಾದವಳ ದನಿಯನ್ನು ಊರು ಕೇಳಿದ್ದು ಅದೇ ಮೊದಲು.

ಸಂಜೆಯೊಳಗೆ ಮಲಿಕರ ಆಳುಗಳು ಮಿರಾಸಿಯ ಮನೆಯ ತೊಲೆ ಕಿತ್ತುಹಾಕಿದರು. ಮಂಚ ತಲೆಯ ಮೇಲೆ ಹೊತ್ತು ಖೈರ್ ದೀನ್ ಮುಂದೆ, ರೊಟ್ಟಿಯ ಹಂಚು ಹಿಡಿದು ನೂರಾಂ ಹಿಂದೆ. ಪಕ್ಕದೂರಿನ ಬಾವಿಕಟ್ಟೆಯಲ್ಲಿ ಮುದುಕನೊಬ್ಬ ಅವನ ಹೆಗಲ ಡೋಲು ನೋಡಿ ತಡೆದ. ಆ ಸೀಮೆಯಲ್ಲಿ ಮಿರಾಸಿಯ ಹೆಸರನ್ನು ಯಾರೂ ಕೇಳುವುದಿಲ್ಲ.

"ಯಾರ ಮಿರಾಸಿಯಪ್ಪಾ ನೀನು?"

ಖೈರ್ ದೀನ್ ಮಂಚ ಇಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡ.

"ಮಲಿಕ್ ಸಬೀಹಾ ಅವರ ಮಿರಾಸಿ" ಎಂದ.