ನಿಮ್ಫಾ ಬಿಚ್ಚದ ಒಡವೆ

ನಿಮ್ಫಾ ಕಬಾನ್ಯೆರೊ ಇಪ್ಪತ್ತೊಂದು ವರ್ಷಗಳಿಂದ ಕಾರ್ಖಾನೆಯ ಗೇಟಿನಲ್ಲಿ ಕಿವಿ ತೋರಿಸಿ ಒಳಗೆ ಹೋಗುತ್ತಿದ್ದಳು. ಮೊದಲು ಎಡಗಿವಿ, ಆಮೇಲೆ ಬಲಗಿವಿ, ಹತ್ತು ಬೆರಳು, ಕೊನೆಗೆ ಕತ್ತು. ಕಾವಲಿನ ಹೆಂಗಸು ಟಾರ್ಚು ಬಿಟ್ಟು ನೋಡಿ ತಲೆಯಾಡಿಸುತ್ತಿದ್ದಳು. ಜೆನೆರಲ್ ಸಾಂಟೋಸ್‌ ಎಂಬ ಬಂದರು ಊರಿನ ಆ ಕಾರ್ಖಾನೆಯಲ್ಲಿ ಟ್ಯೂನಾ ಮೀನನ್ನು ಬೇಯಿಸಿ ಡಬ್ಬಿಗೆ ತುಂಬುತ್ತಾರೆ. ಡಬ್ಬಿಯೊಳಗೆ ಮೀನಲ್ಲದೆ ಬೇರೇನೂ ಹೋಗಬಾರದು. ಮದುವೆಯ ಉಂಗುರವನ್ನೂ ಗೇಟಿನ ಹೊರಗೇ ಬಿಟ್ಟು ಬರಬೇಕು.

ನಿಮ್ಫಾಳ ಕೆಲಸ ಬೆಂದ ಮೀನಿನ ಚರ್ಮ ಕೆರೆದು, ಕಪ್ಪು ಮಾಂಸ ತೆಗೆದು, ಬಿಳಿಯ ನಾಲ್ಕು ಹೋಳುಗಳನ್ನು ಮುರಿಯದಂತೆ ತಟ್ಟೆಗಿಡುವುದು. ಎಂಟು ಗಂಟೆ ನಿಂತೇ ಮಾಡಬೇಕು. ಅವಳಿಗೆ ನಲವತ್ತೇಳು ವರ್ಷ. ಮಕ್ಕಳು ಮೂವರೂ ದೊಡ್ಡವರಾಗಿದ್ದಾರೆ. ಗಂಡ ಟೋನ್ಯೊ ಮೀನುದೋಣಿಯಲ್ಲಿದ್ದಾನೆ, ನಾಲ್ಕು ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ. ಜೊತೆಗಿರುವವಳು ತಾಯಿ ಪಾಸಿತಾ.

ಹೋದ ವರ್ಷ ಅಣ್ಣನ ಮಗಳ ಮದುವೆಯ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಓಲೆ ಹಾಕಿಕೊಳ್ಳಲು ಹೋದಾಗ ಎಡಗಿವಿಯ ತೂತು ಮುಚ್ಚಿಹೋಗಿತ್ತು. ಬಲಗಿವಿಯದೂ ಇರಲಿಲ್ಲ. ಹುಟ್ಟಿದ ತಿಂಗಳೊಳಗೆ ಪಾಸಿತಾ ಚುಚ್ಚಿಸಿದ್ದ ಕಿವಿಗಳು. ಒತ್ತಿ ನೋಡಿದಳು, ಒಂದು ಹನಿ ರಕ್ತ ಬಂತು. ಬರಿಗಿವಿಯಲ್ಲೇ ಮದುವೆಗೆ ಹೋದಳು. ಮುಂದಿನ ಭಾನುವಾರ, ಮಾರುಕಟ್ಟೆಯ ಹಿಂದೆ ಕ್ಷೌರದಂಗಡಿಯ ಮೇಲಿರುವ ಡಿಂಕಿಯ ಅಂಗಡಿಯ ಮೆಟ್ಟಿಲು ಹತ್ತಿದಳು. ಡಿಂಕಿಗೆ ಮೂವತ್ತು ದಾಟಿದೆ. ಊರಿನ ಅರ್ಧದಷ್ಟು ಹುಬ್ಬು, ಮೂಗು, ಹೊಕ್ಕುಳುಗಳನ್ನು ಚುಚ್ಚಿದವಳು ಅವಳೇ.

"ಚುಚ್ಚೋದು ಒಂದು ನಿಮಿಷ, ನಾಂಗ್," ಎಂದಳು ಡಿಂಕಿ. ಅಕ್ಕಂದಿರನ್ನು ಅಲ್ಲಿ ಕರೆಯುವುದು ಹಾಗೆ. "ಆದ್ರೆ ಎರಡು ಮೂರು ತಿಂಗಳು ಒಂದಿನಾನೂ ತೆಗೀಬಾರ್ದು. ನಿಮ್ಮ ಗೇಟಲ್ಲಿ ಬಿಡ್ತಾರಾ?"

"ಬಿಡಲ್ಲ."

"ಹಂಗಾದ್ರೆ ದುಡ್ಡು ದಂಡ. ಮನೆಗೆ ಹೋಗಿ."

"ಅವರು ಟಾರ್ಚು ಬಿಡದೇ ಇರೋ ಜಾಗ ಯಾವುದು ಹೇಳು."

"ಹೊಕ್ಕುಳಿದೆ. ಆದ್ರೆ ನಿಮ್ಮ ಏಪ್ರನ್ ದಾರ ಸರಿಯಾಗಿ ಅಲ್ಲೇ ಉಜ್ಜುತ್ತೆ, ವಾಸಿಯಾಗಲ್ಲ. ನಾಲಿಗೆ?"

"ಒಂದು ವಾರ ಮಾತು ನಿಂತ್ರೆ ನಾನು ಸತ್ತೇಹೋಗ್ತೀನಿ."

ಡಿಂಕಿ ಬೆರಳೆತ್ತಲಿಲ್ಲ. ಅಲ್ಲಿಯವರ ರೂಢಿಯಂತೆ ತುಟಿ ಮುಂದೆ ಚಾಚಿ ನಿಮ್ಫಾಳ ಎದೆಯ ಕಡೆ ತೋರಿಸಿದಳು. ಇಬ್ಬರೂ ನಕ್ಕರು. ನಗು ನಿಂತ ಮೇಲೂ ನಿಮ್ಫಾ ಕುರ್ಚಿ ಬಿಟ್ಟು ಏಳಲಿಲ್ಲ.

"ಮೂರು ಮಕ್ಕಳು ಕುಡಿದು ಬಿಟ್ಟಾಯ್ತು," ಎಂದಳು. "ಇನ್ನು ಅದು ನಂದು."

ಡಿಂಕಿ ಅಂದೇ ಚುಚ್ಚಲಿಲ್ಲ, ಒಂದು ವಾರ ಯೋಚಿಸಿ ಬರಲು ಹೇಳಿದಳು. ನಿಮ್ಫಾ ಮುಂದಿನ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ, ಅದೇ ಬಟ್ಟೆಯಲ್ಲಿ ಬಂದಳು. ಡಿಂಕಿ ಅವಳನ್ನು ನೆಟ್ಟಗೆ ನಿಲ್ಲಿಸಿ, ಎಡ ಮೊಲೆತೊಟ್ಟಿನ ಎರಡು ಬದಿಗೂ ಶಾಯಿಯ ಚುಕ್ಕಿ ಇಟ್ಟು, ದೂರ ಸರಿದು ಸಮವಾಗಿದೆಯೇ ಎಂದು ನೋಡಿದಳು. ಆಮೇಲೆ ಮಲಗಿಸಿದಳು. ಹೊಸ ಸೂಜಿಯ ಪೊಟ್ಟಣವನ್ನು ಅವಳ ಕಣ್ಣೆದುರಿಗೇ ಹರಿದಳು. "ಉಸಿರು ತಗೊಳ್ಳಿ. ಈಗ ಬಿಡಿ." ಬಿಡುವಷ್ಟರಲ್ಲಿ ಮುಗಿದಿತ್ತು. ಮೀನಿನ ಚೂರಿ ಜಾರಿ ಹೆಬ್ಬೆರಳಿಗೆ ಬಿದ್ದಾಗ ಇದಕ್ಕಿಂತ ಹೆಚ್ಚು ನೋವಾಗಿತ್ತು ಎಂದು ನಿಮ್ಫಾ ಈಗಲೂ ಹೇಳುತ್ತಾಳೆ.

ಹಾಕಿದ್ದು ಟೈಟಾನಿಯಂನ ನೇರ ಕಡ್ಡಿ, ಎರಡು ತುದಿಗೂ ತಿರುಪಿನ ಪುಟ್ಟ ಗುಂಡು. ಬಾವು ಬಂದರೆ ಬಿಗಿಯಬಾರದೆಂದು ಕಡ್ಡಿ ತುಸು ಉದ್ದವೇ ಇತ್ತು. ದಿನಕ್ಕೆರಡು ಸಲ ಔಷಧಿ ಅಂಗಡಿಯ ಸಲೈನ್ ಸುರಿಯಬೇಕು. ಸ್ಪಿರಿಟ್ ಬೇಡ, ಮುಲಾಮು ಬೇಡ. ಕಡ್ಡಿ ತಿರುಗಿಸಬಾರದು. ಕಟ್ಟಿದ ಹಕ್ಕಳೆಯನ್ನು ಉಗುರಿನಿಂದ ಕೀಳಬಾರದು, ಅದು ನೆಂದು ತಾನೇ ಬೀಳಬೇಕು. ಪೂರ್ತಿ ವಾಸಿಯಾಗಲು ಒಂಬತ್ತು ತಿಂಗಳು, ಕೆಲವರಿಗೆ ವರ್ಷ. "ಅಷ್ಟರೊಳಗೆ ತೆಗೆದ್ರೆ ಗಂಟೆಯಲ್ಲೇ ಮುಚ್ಚಿಕೊಂಡ್ರೂ ಮುಚ್ಚಿಕೊಂಡೀತು," ಎಂದಳು ಡಿಂಕಿ. "ಕೀವಾಯ್ತು, ಜ್ವರ ಬಂತು ಅಂದ್ರೂ ನೀವಾಗೇ ಕೀಳಬೇಡಿ. ಡಾಕ್ಟರ ಹತ್ರ ಹೋಗಿ."

ಪಾಸಿತಾಗೆ ಗೊತ್ತಾದದ್ದು ಮೂರನೆಯ ದಿನ, ಒಣಹಾಕಿದ ಬಟ್ಟೆಯ ಮೇಲಿನ ಕಲೆಯಿಂದ.

"ಲೇ, ಹಂದಿಗೆ ಮೂಗುದಾರ ಹಾಕೋದು ಕಂಡಿದ್ದೆ," ಎಂದಳು ಮುದುಕಿ. "ಇದನ್ನ ಕಂಡಿರ್ಲಿಲ್ಲ."

"ಕಂಡಾಯ್ತಲ್ಲ ಈಗ, ಅಮ್ಮ."

"ಯಾರು ನೋಡಲಿ ಅಂತ? ಗಂಡ ನೋಡಿದ್ರೆ ಸಮುದ್ರದಲ್ಲಿ."

"ಯಾರೂ ನೋಡ್ಬಾರ್ದು ಅಂತಾನೇ ಹಾಕಿಸ್ಕೊಂಡಿದ್ದು."

ಬೈದದ್ದು ಬೈದು ಪಾಸಿತಾ ಹಿತ್ತಿಲಿಗೆ ಹೋಗಿ ಸೀಬೆ ಎಲೆ ಕಿತ್ತು ತಂದಳು. ಗಂಡುಮಕ್ಕಳ ಮುಂದೊಗಲು ಕೊಯ್ದ ಗಾಯವಾಗಲಿ, ಬಾಣಂತಿಯ ಹೊಲಿಗೆಯಾಗಲಿ, ಆ ಊರಿನ ಮನೆಗಳಲ್ಲಿ ತೊಳೆಯುವುದು ಸೀಬೆ ಎಲೆ ಕುದಿಸಿದ ನೀರಿನಲ್ಲಿ. ನಿಮ್ಫಾಳ ಮೂರು ಹೆರಿಗೆಗೂ ಅದೇ ಆಗಿತ್ತು. ಹಾಗಾಗಿ ಅವಳೂ ಎರಡನೆಯ ಮಾತಿಲ್ಲದೆ ಒಪ್ಪಿದಳು. ಮೂರು ವಾರ ಬೆಳಗ್ಗೆ ಸಲೈನ್, ಸಂಜೆ ಸೀಬೆ ನೀರು. ನಾಲ್ಕನೆಯ ವಾರ ಕಡ್ಡಿಯ ಪಕ್ಕದಲ್ಲಿ ಕೆಂಪು ಗುಳ್ಳೆಯೆದ್ದು ಸುತ್ತಲ ಚರ್ಮ ಬಿರಿಯಿತು.

ಡಿಂಕಿ ನೋಡಿದವಳೇ ಮೂಸಿದಳು. "ಸೀಬೆ ಎಲೆ ತಾನೇ?"

"ಹೂಂ."

"ನಮ್ಮೂರಲ್ಲಿ ಹತ್ತರಲ್ಲಿ ಎಂಟು ಗುಳ್ಳೆ ಇದೇ. ನಿಮ್ಮಮ್ಮ ಗಾಯ ಒಣಗಿಸ್ತಿದ್ದಾರೆ ನಾಂಗ್, ಮುಚ್ಚೋ ಗಾಯಕ್ಕೆ ಅದು ಸರಿ. ಇದು ಮುಚ್ಚಬಾರದ ಗಾಯ."

ಪಾಸಿತಾ ಎರಡು ದಿನ ಮುನಿಸಿಕೊಂಡಳು. ಆಮೇಲೆ ಸೀಬೆ ನೀರಿನ ಪಾತ್ರೆಯನ್ನು ಕಾಲು ತೊಳೆಯಲು ಇಟ್ಟುಕೊಂಡಳು. ಗುಳ್ಳೆ ಐದು ವಾರದಲ್ಲಿ ಇಳಿಯಿತು. ನಿಮ್ಫಾ ಕೆಲಸದಿಂದ ಬಂದ ಕೂಡಲೇ ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ತೊಳೆಯುತ್ತಿದ್ದಳು. ಮೀನಿನ ರಸ ಕುಡಿದ ಬೆರಳುಗಳನ್ನು ಅವಳು ಆಗಲೂ ನಂಬಲಿಲ್ಲ. ಬೆರಳು ತಾಗಿಸದೆ ಸಲೈನ್ ಸುರಿದು, ಬಿಳಿ ಟಿಶ್ಯೂ ಕಾಗದದಿಂದ ಒತ್ತಿ ಒರೆಸುತ್ತಿದ್ದಳು. ರಜೆಗೆ ಬಂದ ಟೋನ್ಯೊ ಅದನ್ನು ದೂರದಿಂದಲೇ ನೋಡಿ, "ನೋಯುತ್ತಾ?" ಎಂದು ಕೇಳಿದ. "ಮುಟ್ಟಿದ್ರೆ ನಿಂಗೆ ನೋಯುತ್ತೆ," ಎಂದಳು. ಅವನು ಆ ಕಡೆ ತಿರುಗಿ ಮಲಗಿದ.

ನಾಲ್ಕನೆಯ ತಿಂಗಳು ಕಾರ್ಖಾನೆಯ ಅಂಗಳಕ್ಕೆ ಎಕ್ಸ್‌ರೇ ಬಸ್ಸು ಬಂತು. ವರ್ಷಕ್ಕೊಮ್ಮೆ ಎಲ್ಲರ ಎದೆಯ ಚಿತ್ರ ತೆಗೆಯುತ್ತಾರೆ. ನಿಮ್ಫಾ ಅದನ್ನು ಮರೆತೇಬಿಟ್ಟಿದ್ದಳು. ಲೋಹ ತೆಗೆಯಿರಿ ಎಂದ ಬಸ್ಸಿನ ಹುಡುಗಿಗೆ ತೆಗೆಯುವುದಿಲ್ಲ ಎಂದಳು. ಹುಡುಗಿ ತಕರಾರು ಮಾಡದೆ ಓರೆಯಾಗಿ ನಿಲ್ಲಿಸಿ ಇನ್ನೊಂದು ಚಿತ್ರ ತೆಗೆದಳು. ವರದಿಯಲ್ಲಿ ಶ್ವಾಸಕೋಶ ಚೆನ್ನಾಗಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಎಡ ಎದೆಯ ಮೇಲೆ ಲೋಹದ ವಸ್ತು.

ಮಾರನೆಯ ದಿನ ಗುಣಮಟ್ಟ ವಿಭಾಗದ ಜೆಫ್ರಿಲ್ ಅವಳನ್ನು ಕರೆಸಿದ. ಇಪ್ಪತ್ತೊಂಬತ್ತರ ಹುಡುಗ, ಕೆಟ್ಟವನಲ್ಲ. ಮೇಜಿನ ಮೇಲೆ ಎಕ್ಸ್‌ರೇ ಇತ್ತು. ಅದರಲ್ಲಿ ಎರಡು ಗುಂಡು, ನಡುವೆ ಕಡ್ಡಿ, ಹಾಲಿನಷ್ಟು ಬಿಳಿ.

"ನಾಂಗ್, ಇದನ್ನ ತೆಗೆದು ಬನ್ನಿ. ಇಲ್ಲಾಂದ್ರೆ ಒಳಗೆ ಬಿಡೋಕಾಗಲ್ಲ."

"ತೆಗೆದ್ರೆ ಮುಚ್ಚಿಹೋಗುತ್ತೆ, ಸರ್. ಕಿವಿ ಕೊಟ್ಟೆ, ಬೆರಳು ಕೊಟ್ಟೆ. ಇದನ್ನ ಕೊಡಲ್ಲ."

"ಡಬ್ಬಿಗೆ ಬಿದ್ರೆ?"

"ಒಳಂಗಿ, ಅದರ ಮೇಲೆ ಅಂಗಿ, ಅದರ ಮೇಲೆ ಗೌನು, ಅದರ ಮೇಲೆ ಏಪ್ರನ್. ಇಷ್ಟನ್ನೂ ದಾಟಿ ಅದು ಡಬ್ಬಿಗೆ ಬಿತ್ತು ಅಂದ್ರೆ ಹಿಂದೇನೇ ನಾನೂ ಬಿದ್ದಿರ್ತೀನಿ. ನಿಮ್ಮ ಹಲ್ಲಿನ ತಂತಿಗೆ ಅಡ್ಡ ಏನಿದೆ? ಒಂದು ಮಾಸ್ಕು. ದಿನಾ ಮೀನಿನ ಮೇಲೆ ಬಗ್ಗಿ ನಮ್ಮನ್ನ ಬೈತೀರಿ."

ಜೆಫ್ರಿಲ್ ತುಟಿ ಮುಚ್ಚಿ ಹಲ್ಲು ಮರೆಮಾಡಿದ. ಎರಡು ವರ್ಷಗಳಿಂದ ಅವನು ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ, ನೀಲಿ ರಬ್ಬರಿನ ಸಮೇತ.

"ಅದು ಚಿಕಿತ್ಸೆ," ಎಂದ.

"ಹಂಗಾದ್ರೆ ನನ್ನದು ತೆಗೀಬೇಕು ಅಂತ ಬರೆದು ಕೊಡಿ. ಬಾಯಿಮಾತಿಗೆ ತೆಗೆಯಲ್ಲ."

ಬರೆದುಕೊಡಲು ಅಚ್ಚಾದ ಹಾಳೆಯೊಂದಿದೆ. ಹೆಸರು, ವಿಭಾಗ, ಒಡವೆಯ ಬಗೆ, ದೇಹದ ಮೇಲೆ ಒಡವೆ ಇರುವ ಜಾಗ. ಕೆಳಗೆ ಕೆಲಸದವರ ಸಹಿ, ಅದರ ಕೆಳಗೆ ನಾಲ್ವರು ಮೇಲಧಿಕಾರಿಗಳ ಸಹಿ. ಜೆಫ್ರಿಲ್ ಮೊದಲ ಮೂರನ್ನು ತುಂಬಿದ. ನಾಲ್ಕನೆಯದರಲ್ಲಿ 'ಎದೆ' ಎಂದು ಬರೆದ.

"ಎದೆಯಲ್ಲಿ ನಂಗೆ ಒಡವೆ ಇಲ್ಲ," ಎಂದಳು ನಿಮ್ಫಾ. "ಸುಳ್ಳು ಹಾಳೆಗೆ ನಾನು ಸಹಿ ಮಾಡಲ್ಲ. ಸರಿಯಾಗಿ ಬರೀರಿ."

"ನಾಂಗ್, ಇದು ಮ್ಯಾನೇಜರ್‌ವರೆಗೂ ಹೋಗುತ್ತೆ."

"ಹೋಗ್ಲಿ. ಅವರೂ ಓದ್ಲಿ."

ಜೆಫ್ರಿಲ್‌ನ ಕಿವಿ ಕೆಂಪಾಯಿತು. ಪೆನ್ನು ಹಾಳೆಯ ಮೇಲೆ ನಿಂತಿತು. ಕೊನೆಗೆ ಅವನು ಪೆನ್ನಿನ ಮುಚ್ಚಳ ಹಾಕಿದ. ನಿಮ್ಫಾ ಮೂರು ದಿನ ಬೆಳಗ್ಗೆ ಐದೂವರೆಗೆ ಗೇಟಿನ ಹೊರಗೆ ಬಂದು ನಿಂತು, ಬರೆದದ್ದು ಬಂತೇ ಎಂದು ಕೇಳಿದಳು. ಬರಲಿಲ್ಲ. ಮೂರು ದಿನದ ಕೂಲಿ ಹೋಯಿತು. ಅವಳ ಮೇಜಿನಲ್ಲಿ ಹೊಸಬಳು ಹೋಳುಗಳನ್ನು ಮುರಿದುಹಾಕಿದಳು. ಗಡಿಯಾರ ಕಟ್ಟದ, ಸರ ಹಾಕದ ನಾಲ್ಕು ನೂರು ಹೆಂಗಸರು ಅವಳ ಪಕ್ಕದಿಂದಲೇ ಒಳಗೆ ಹೋದರು. ಕೆಲವರು ಮುಖ ತಿರುಗಿಸಿದರು. ಒಬ್ಬಳು "ನಾಚಿಕೆಗೆಟ್ಟವಳು" ಎಂದಳು. "ನಾಚಿಕೆ ನಿಮ್ಮ ಆಫೀಸಿನವರಿಗೆ, ಬರೆಯೋಕಾಗ್ತಿಲ್ಲ," ಎಂದಳು ನಿಮ್ಫಾ.

ನಾಲ್ಕನೆಯ ದಿನ ಜೆಫ್ರಿಲ್ ಗೇಟಿಗೆ ತಾನೇ ಬಂದ. ಕೈ ಕೊಯ್ದುಕೊಂಡವರಿಗೆ ಕಾರ್ಖಾನೆಯಲ್ಲಿ ನೀಲಿ ಪ್ಲಾಸ್ಟರು ಕೊಡುತ್ತಾರೆ. ಮೀನಿನಲ್ಲಿ ಬಿದ್ದರೆ ಬಣ್ಣದಿಂದ ಕಾಣುತ್ತದೆ, ಒಳಗೆ ಲೋಹದ ಎಳೆ ಇರುವುದರಿಂದ ಲೋಹ ಪತ್ತೆಹಚ್ಚುವ ಯಂತ್ರವೂ ಹಿಡಿಯುತ್ತದೆ. ಹೋಗುವಾಗ ಬರುವಾಗ, ಮೈಯಲ್ಲಿ ಎಲ್ಲಿ ಅಂಟಿಸಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಗಾಯಕ್ಕೆ ಇರುವ ನಿಯಮವನ್ನೇ ಇದಕ್ಕೂ ಹಾಕೋಣ ಎಂದ.

ನಿಮ್ಫಾ ಯೋಚಿಸಿದಳು. ಡಬ್ಬಿ ತೆರೆದು ತಿನ್ನುವವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. "ಒಳಗೆ ತೆಳು ಬಟ್ಟೆ ಇಟ್ಟು, ಮೇಲೆ ನಾನೇ ಅಂಟಿಸ್ಕೊಳ್ತೀನಿ. ಇದೆಯೋ ಇಲ್ವೋ ಅಂತ ನೋಡೋಳೂ ನಾನೇ. ಟಾರ್ಚು ಬೇಡ."

"ಸರಿ."

"ಪುಸ್ತಕದಲ್ಲಿ ಬರೆಯೋಳೂ ನಾನೇ."

ಅವನು ಅದಕ್ಕೂ ಸರಿ ಎಂದ. ಅದು ಎಂಟು ತಿಂಗಳ ಹಿಂದಿನ ಮಾತು. ಡಿಂಕಿ ಉದ್ದ ಕಡ್ಡಿಯನ್ನು ಬದಲಿಸಿ ಗಿಡ್ಡದನ್ನು ಹಾಕಿದ್ದಾಳೆ, ಗಾಯ ಒಳಗಿನಿಂದಲೂ ವಾಸಿಯಾಗಿದೆ. ಪ್ಲಾಸ್ಟರಿನ ಪುಸ್ತಕ ಮಾತ್ರ ಈಗಲೂ ಗೇಟಿನ ಮೇಜಿನ ಮೇಲಿದೆ. ಉಳಿದವರ ಸಾಲಿನಲ್ಲಿ ಹೆಬ್ಬೆರಳು, ಅಂಗೈ, ಮಣಿಕಟ್ಟು. ನಿಮ್ಫಾ ಪ್ರತಿ ಬೆಳಗ್ಗೆ ತನ್ನ ಸಾಲಿನಲ್ಲಿ ದಪ್ಪ ಅಕ್ಷರಗಳಲ್ಲಿ 'ಎಡ ಮೊಲೆತೊಟ್ಟು' ಎಂದು ಬರೆಯುತ್ತಾಳೆ. ಪಕ್ಕದಲ್ಲಿ, ಬರೆದದ್ದನ್ನು ಓದಿದೆ ಎಂಬುದಕ್ಕೆ, ಜೆಫ್ರಿಲ್ ಸಹಿ ಮಾಡುತ್ತಾನೆ.