ಸೆರಗಿನ ಒಂಟಿ ಜಿಂಕೆ

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಅಂಗಳಕ್ಕೆ ನೀರು ಹಾಕಿ, ನಡುಮನೆಯ ಪಟಗಳ ಧೂಳು ಒರೆಸಿದೆ. ಅಲ್ಲಿಯವರೆಗೆ ಇಂಥದ್ದನ್ನು ಯಾರಾದರೂ ಹೇಳಿದರೆ, ಪಾಪ, ನಿದ್ದೆ ಸಾಲದೇನೋ ಅಂದುಕೊಳ್ಳುತ್ತಿದ್ದೆ. ನೀವೂ ನನ್ನ ಬಗ್ಗೆ ಹಾಗಂದುಕೊಂಡರೆ ನನಗೆ ಬೇಸರವಿಲ್ಲ.

ಆ ಪಟಗಳಲ್ಲೊಂದು ಜರ್ಮನಿಯದು. ಚಳ್ಳಕೆರೆಯಲ್ಲಿ ನಾನು ಓದಿದ ಕಾನ್ವೆಂಟಿನ ಡ್ರಾಯಿಂಗ್ ಸಿಸ್ಟರ್ ತಮ್ಮ ದೇಶಕ್ಕೆ ಮರಳುವಾಗ ಕೊಟ್ಟದ್ದು. ನೂರು ವರ್ಷಕ್ಕೂ ಹಿಂದೆ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಚಿತ್ರವಂತೆ. ಬಯಲಲ್ಲಿ ಒಂದೇ ಒಂದು ಜಿಂಕೆ, ಮುಂಗಾಲೆತ್ತಿ, ಕತ್ತು ಹಿಂದಕ್ಕೆ ಹೊರಳಿಸಿ ನಿಂತಿದೆ. ಒಂದು ಕಿವಿಯ ತುದಿ ಚೂರು ಹರಿದಿದೆ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಾಗ ಜೊತೆಗೆ ತಂದೆ. ಅತ್ತೆಗೆ ಅದು ಹಿಡಿಸಲಿಲ್ಲ. ನಮ್ಮವರದು ರೇಷ್ಮೆ ನೇಯುವ ಮನೆತನ. ಮದುವೆ ಸೀರೆಯಲ್ಲಿ ನವಿಲಾಗಲಿ ಜಿಂಕೆಯಾಗಲಿ ಜೋಡಿಯಾಗಿಯೇ ಬರಬೇಕು, ಒಂಟಿ ಬಿಡಬಾರದು ಎನ್ನುವವರು.

ಆ ದಿನ ಮಗ್ಗದಿಂದ ಇಳಿದದ್ದು ನಮ್ಮ ಮಗಳ ಧಾರೆ ಸೀರೆ. ಒಂದು ಸಂಬಂಧ ಮುರಿದುಬಿದ್ದು, ಎಷ್ಟೋ ಕಾಲದ ಮೇಲೆ ಕೂಡಿಬಂದ ಮದುವೆ. ಸೀರೆಗೆ ಅರಿಶಿನ ಹಚ್ಚಲು ಬೀಗರು ಮರುದಿನವೇ ಬರುವವರಿದ್ದರು. ಮಂಚದ ಮೇಲೆ ಬಿಚ್ಚಿ ಹರಡಿದೆವು. ಸೆರಗಿನ ತುಂಬ ಎದುರುಬದುರಾಗಿ ನಿಂತ ಜಿಂಕೆಗಳು. ಕೊನೆಯ ಸಾಲಿನಾಚೆ, ಖಾಲಿ ಇರಬೇಕಾದ ಜಾಗದಲ್ಲಿ, ಇನ್ನೊಂದು. ಮುಂಗಾಲೆತ್ತಿ, ಕತ್ತು ಹಿಂದಕ್ಕೆ ಹೊರಳಿಸಿ. ಜರಿಯಲ್ಲೂ ಆ ಕಿವಿ ಹರಿದೇ ಇತ್ತು.

ನಮ್ಮವರು ಮಗ್ಗದ ಮೇಲಿನ ಜಕಾರ್ಡಿನಿಂದ, ಚಿತ್ತಾರಕ್ಕೆ ತಕ್ಕಂತೆ ತೂತು ಕೊರೆದ ಅಟ್ಟೆಗಳನ್ನೆಲ್ಲ ಇಳಿಸಿ ಬೆಳಕಿಗೆ ಹಿಡಿದು ನೋಡಿದರು. ಆ ಅಟ್ಟೆಗಳ ತೂತಿನಲ್ಲಿಲ್ಲದ ಗೊಂಬೆ ಸೀರೆಯಲ್ಲಿ ಮೂಡುವಂತಿಲ್ಲ.

"ನಾನ್ ನೇಯ್ದಿಲ್ಲ ಕಣೇ ಇದನ್ನ," ಅಂದರು ಮೆಲ್ಲಗೆ.

ಅತ್ತೆ ಗೋಡೆಯ ಮೇಲಿನ ಜಿಂಕೆಯ ಪಟದ ಕಡೆ ನೋಡಿ, ಮಗನಿಗೆ ಹೇಳಿದರು: "ಒಂಟಿ ಜೀವ ಉಟ್ಕೊಂಡು ಧಾರೆಗೆ ಕೂರ್ತಾಳೇನೋ? ಕಿತ್ತಾಕು ಅದನ್ನ."

ಮಗಳು ಜಿಂಕೆಯ ಮೇಲೆ ಅಂಗೈ ಇಟ್ಟಳು. "ಬ್ಯಾಡಜ್ಜಿ. ಕಿತ್ರೆ ಸೀರೆ ಹಾಳಾಗ್ತೈತೆ. ಹಿಂಗೇ ಉಡ್ತೀನಿ."

ಸೀರೆ ಮಡಿಸಿ ಒಳಗಿಟ್ಟೆ.

ಬೀಗರು ಅದನ್ನು ಗಮನಿಸಲೇ ಇಲ್ಲ. ಅವಳು ಅದನ್ನೇ ಉಟ್ಟು ಮದುವೆಯಾದಳು, ನೆಮ್ಮದಿಯಾಗಿದ್ದಾಳೆ. ಆ ಕಾರಣಕ್ಕೆ ನಾನು ಇದನ್ನೆಲ್ಲ ಮರೆತುಬಿಡಬಹುದಿತ್ತು. ಆದರೆ ಸೀರೆ ಮಗ್ಗದಿಂದ ಇಳಿದ ದಿನ ಸಂಜೆಯೇ ಪಕ್ಕದ ಮನೆಯ ಶಾಂತಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದರು. ಸೀರೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನಾನು ಲೋಟ ತರುವಷ್ಟರಲ್ಲಿ, ಇಷ್ಟು ವರ್ಷ ಬಂದುಹೋಗುತ್ತ ನೋಡಿದ್ದ ಆ ಜಿಂಕೆಯ ಪಟದ ಮುಂದೆ ನಿಂತಿದ್ದರು.

"ಅಲ್ರಿ, ಇದ್ರಾಗೆ ಎರಡು ಜಿಂಕೆ ಇದ್ವಲ್ಲ," ಅಂದರು, ಲೋಟ ತೆಗೆದುಕೊಳ್ಳುತ್ತ. "ಇನ್ನೊಂದು ಎಲ್ಲೋಯ್ತು?"